ಗುಜರಿಗೆ ಹಾಕುವ ಮುನ್ನ

ಒಂದೇ ಜಿಲ್ಲೆಯಾದರೂ ಶೃಂಗೇರಿಯ ಮಳೆ ಬೇರೆ, ಕಡೂರಿನ ಬಿಸಿಲು ಬೇರೆ. ಬಾಬಾಬುಡನ್‌ಗಿರಿಯ ಮಳೆನೆರಳಿನಲ್ಲಿರುವ ಈ ಬಯಲಿನಲ್ಲಿ ಬೇಸಿಗೆಯ ಧೂಳು ಮೇಜಿನಡಿಯ ಗಣಕಯಂತ್ರವನ್ನೂ ಬಿಡದು. ಮಧ್ಯಾಹ್ನ ತಾನಾಗಿ ಆರಿಹೋಗುವ ಯಂತ್ರ ಗುಜರಿ ಸೇರುತ್ತದೆ. ಕೆರೆಯಂಗಳದಲ್ಲಿ ತಾಮ್ರಕ್ಕಾಗಿ ಅದರ ತಂತಿ ಸುಟ್ಟರೆ ಡಯಾಕ್ಸಿನ್ ಗಾಳಿಗೆ, ಎಸೆದ ಹಲಗೆಯ ಬೆಸುಗೆಯ ಸೀಸ ಮಣ್ಣಿಗೆ. ಕೆಟ್ಟದ್ದು ಬಹುವೇಳೆ ಒಂದು ಫ್ಯಾನ್ ಮಾತ್ರ.

ಪ್ರೊಸೆಸರ್ ಮೇಲಿನ ಲೋಹದ ರೆಕ್ಕೆಗಳ ನಡುವೆ ಧೂಳು ಕಟ್ಟಿಕೊಂಡರೆ ಫ್ಯಾನ್ ತಿರುಗಿದರೂ ಶಾಖ ಹೊರಹೋಗದು. ಪ್ಲಗ್ ಕಿತ್ತು, ಎಸಳುಗಳು ತಿರುಗದಂತೆ ಹಿಡಿದು ಬ್ಲೋವರ್‌ನಿಂದ ಊದಬೇಕು. ಗಾಳಿಯಾಡಲೆಂದು ಕ್ಯಾಬಿನೆಟ್ಟಿನ ಪಕ್ಕದ ಮುಚ್ಚಳ ತೆಗೆದಿಡುವ ರೂಢಿ ಧೂಳಿಗೆ ಕೊಟ್ಟ ಆಹ್ವಾನವಷ್ಟೆ. ಮುಂದೆ ಬಲೆಯಿದ್ದು, 120 ಮಿ.ಮೀ.ನ ಎರಡು ಫ್ಯಾನ್‌ಗಳು ಗಾಳಿಯನ್ನು ಒಳಗೆಳೆದು ಹಿಂದಿನ ಒಂದು ಹೊರದೂಡುವ ಕ್ಯಾಬಿನೆಟ್ ಈ ಸೀಮೆಗೆ ತಕ್ಕುದು. ಒಳಗಿನ ಒತ್ತಡ ತುಸು ಹೆಚ್ಚಿದ್ದರೆ ಸಂದುಗಳಿಂದ ಧೂಳು ನುಗ್ಗದು. ಆದರೆ ಯಾವ ಫ್ಯಾನೂ ಯಂತ್ರವನ್ನು ಕೋಣೆಯ ಗಾಳಿಗಿಂತ ತಂಪಾಗಿಸಲಾರದು. ಅದನ್ನು ಪಡುವಣ ಗೋಡೆಯಿಂದ ದೂರವಿಡುವುದಕ್ಕೆ ಖರ್ಚೇನೂ ಇಲ್ಲ.

ಧೂಳು ತೆಗೆದ ಮೇಲೂ ಭಾರದ ಕೆಲಸದಲ್ಲಿ ಯಂತ್ರ ಆರಿದರೆ ಸಂಶಯ ಎಸ್‌ಎಂಪಿಎಸ್ ಮೇಲೆ. ಬೇರೊಂದನ್ನು ಜೋಡಿಸಿ ನೋಡುವುದೇ ಸರಳ ಪರೀಕ್ಷೆ. ಅದರ ಪೆಟ್ಟಿಗೆಯನ್ನು ಮಾತ್ರ ಬಿಚ್ಚಬಾರದು. ಪ್ಲಗ್ ಕಿತ್ತ ಮೇಲೂ ಕೆಪಾಸಿಟರುಗಳಲ್ಲಿ ಪ್ರಾಣಾಂತಿಕ ವಿದ್ಯುತ್ ಉಳಿದಿರಬಹುದು. ಹೊಸದನ್ನು ಕೊಳ್ಳುವಾಗ ದೊಡ್ಡಕ್ಷರದ ವ್ಯಾಟ್ ಅಂಕಿಗೆ ಮಾರುಹೋಗದೆ, 12 ವೋಲ್ಟ್ ಸಾಲಿನಲ್ಲಿ ಎಷ್ಟು ಆಂಪಿಯರ್ ಎಂಬುದನ್ನು ಚೀಟಿಯಲ್ಲಿ ಓದಬೇಕು. ‘80 ಪ್ಲಸ್’ ಗುರುತಿದ್ದರೆ ಶಾಖವಾಗಿ ಪೋಲಾಗುವ ವಿದ್ಯುತ್ತೂ ಕಡಿಮೆ.

ದುರಸ್ತಿಗೆ ಬಾರದ ಭಾಗಗಳಿಗೆ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳಿವೆ. ಅವು ಸೇರಬೇಕಾದುದು ನೋಂದಾಯಿತ ಮರುಬಳಕೆ ಘಟಕಕ್ಕೆ, ಗುಜರಿಯವನ ತಕ್ಕಡಿಗಲ್ಲ.