ಕೋಲಾಟಕ್ಕೆ ಕರಕೊಂಡು ಹೋದ ಮಕ್ಕಳು

ಈ ವರ್ಷವೂ ಪರದೇಶದ ವಿದ್ಯಾರ್ಥಿಗಳು ಬರ್ತಾರಂತೆ. ನಮ್ಮ ಹೈಸ್ಕೂಲಿನ ಇಪ್ಪತ್ತು ಮಕ್ಕಳನ್ನು ಅವರ ಜೋಡಿ ಮಾಡಿ ಗೋವಾಕ್ಕೆ ಶೈಕ್ಷಣಿಕ ಪ್ರವಾಸ ಕರಕೊಂಡು ಹೋಗ್ತಾರಂತೆ. ಪಾಲಕರ ಸಭೆಯಲ್ಲಿ ಈ ಮಾತು ಬಂದಾಗ ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೊಬ್ಬ ತಟ್ಟಲಿಲ್ಲ. “ಮಾಸ್ತರಿಗೆ ವಯಸ್ಸಾತು, ಬಸ್ಸು ಹತ್ತಾಕ ಆಗಂಗಿಲ್ಲ, ಅದಕ್ಕ ಬ್ಯಾಡ ಅಂತಾರ” ಎಂದು ಹಿಂದಿನ ಸಾಲಿನಿಂದ ಯಾರೋ ಅಂದರು. ವಯಸ್ಸಾಗಿದ್ದು ಖರೆ. ಆದರೆ ಹೋದ ಸಲ ನಾಲ್ಕು ದಿನ ಆ ಮಕ್ಕಳ ಜೊತೆ ಬಸ್ಸಿನಲ್ಲಿ ಕೂತು ಬಂದವನು ನಾನು. ಚಪ್ಪಾಳೆ ತಟ್ಟಿದವರಲ್ಲಿ ಒಬ್ಬರೂ ಬಂದಿರಲಿಲ್ಲ. ಸಭೆಯಲ್ಲಿ ಹೇಳಲು ಬಿಡದ ಮಾತನ್ನು ಇಲ್ಲಿ ಬರೆಯುತ್ತೇನೆ.

ಮೊದಲನೆಯದು, ಜೋಡಿ ಅಂದರಲ್ಲ, ಆ ಜೋಡಿ ಕಾಗದದ ಮೇಲೆ ಮಾತ್ರ ಇತ್ತು. ಬಸ್ಸು ಎರಡು. ಮುಂದಿನದು ತಂಪು ಗಾಳಿಯದು, ಅದರಲ್ಲಿ ಅವರು. ಹಿಂದಿನದರಲ್ಲಿ ನಮ್ಮವರು, ಜೊತೆಗೆ ಎಲ್ಲರ ಚೀಲ ಮತ್ತು ಅಡಿಗೆಯ ಪಾತ್ರೆ. ಲೋಂಡಾ ದಾಟಿ ಅನಮೋಡ ಘಾಟು ಇಳಿಯುವಾಗ ನಮ್ಮ ನಾಲ್ಕು ಮಕ್ಕಳು ವಾಂತಿ ಮಾಡಿಕೊಂಡವು. ಮುಂದಿನ ಬಸ್ಸಿಗೆ ಅದು ಗೊತ್ತೇ ಆಗಲಿಲ್ಲ.

ಹಳೇ ಗೋವಾದಲ್ಲಿ ಗೈಡು ಒಂದು ತಾಸು ಇಂಗ್ಲಿಷಿನಲ್ಲಿ ಹೇಳಿದ. 1510ರಲ್ಲಿ ಬಿಜಾಪುರದ ಆದಿಲಶಾಹಿಯಿಂದ ಪೋರ್ಚುಗೀಸರ ಅಲ್ಬುಕರ್ಕ ಊರು ಕಸಿದುಕೊಂಡದ್ದು, ಬಾಂ ಜೀಸಸ್ ಇಗರ್ಜಿಯಲ್ಲಿ ಸಂತ ಫ್ರಾನ್ಸಿಸ್ ಝೇವಿಯರರ ಶರೀರ ಇಟ್ಟದ್ದು, ಎಲ್ಲಾ ಹೇಳಿದ. ಚಲೋನೇ ಹೇಳಿದ. ನಮ್ಮ ಮಕ್ಕಳು ಹಿಂದೆ ನಿಂತು ಛಾವಣಿ ನೋಡಿದರು. ಕನ್ನಡಕ್ಕೆ ತಿರುಗಿಸುವವರು ಯಾರೂ ಇರಲಿಲ್ಲ. ನಾನೇ ಅಷ್ಟಿಷ್ಟು ಪಿಸುಗುಟ್ಟಿದೆ, “ಸೈಲೆನ್ಸ್ ಪ್ಲೀಸ್” ಅಂದರು. ಸುಮ್ಮನಾದೆ.

ಸಂಜೆ ಮಾತ್ರ ನಮ್ಮವರ ನೆನಪಾಯಿತು. ವಸತಿಯ ಅಂಗಳದಲ್ಲಿ ಹುಡುಗಿಯರಿಗೆ ಇಳಕಲ್ ಸೀರೆ ಉಡಿಸಿ ಕೋಲಾಟ ಮಾಡಿಸಿದರು. ಮರುದಿನವೂ ಕೋಲಾಟ, ಮೂರನೇ ದಿನ ಡೊಳ್ಳು. ದಿನವೆಲ್ಲ ಅವರು ಕಲಿಯುವುದು, ಸಂಜೆಯಾದರೆ ನಮ್ಮವರು ಕುಣಿಯುವುದು. ಇದಕ್ಕೆ ಸಾಂಸ್ಕೃತಿಕ ವಿನಿಮಯ ಅಂತ ಬ್ಯಾನರು ಕಟ್ಟಿದ್ದರು. ವಿನಿಮಯ ಅಂದರೆ ಕೊಟ್ಟು ತಗೊಳ್ಳೋದು. ನಾವು ಕೊಟ್ಟೆವು. ತಗೊಂಡದ್ದು ಏನಪಾ ಅಂತ ಹುಡುಕಿದರೆ ಒಂದೊಂದು ಪೆನ್ನು, ಒಂದೊಂದು ಟೊಪ್ಪಿಗೆ.

ಬಂದ ಹುಡುಗರನ್ನು ಬೈಯುತ್ತಿದ್ದೇನೆ ಅಂತ ಯಾರೂ ತಿಳಿಯಬಾರದು. ಅವರ ಕೈಯಲ್ಲಿ ನೋಟ್‌ಬುಕ್ ಇತ್ತು, ಬಾಯಲ್ಲಿ ಪ್ರಶ್ನೆ ಇತ್ತು. ನಮ್ಮವರಿಗೆ ಎರಡನ್ನೂ ನಾವು ಮಾಸ್ತರರೇ ಕೊಟ್ಟು ಕಳಿಸಿರಲಿಲ್ಲ. ಒಂದು ಸಂಜೆ ಸಮುದ್ರದ ದಂಡೆಯಲ್ಲಿ, ಕೋಲಾಟಕ್ಕೆ ಇನ್ನೂ ಹೊತ್ತಿದ್ದಾಗ, ನಮ್ಮ ಎಂಟನೇತ್ತೆಯ ಹುಡುಗಿಯೊಬ್ಬಳು ಉಸುಕಿನ ಮೇಲೆ ೧, ೨, ೩ ಬರೆದು ಆ ಕಡೆಯ ಹುಡುಗಿಗೆ ಕಲಿಸಿದಳು. ಆಕೆ ತನ್ನ ಊರಿನ ಭಾಷೆಯಲ್ಲಿ ಅಂಕಿಯ ಹೆಸರು ಹೇಳಿದಳು. ತೆರೆ ಬಂದು ಅಳಿಸಿತು, ಮತ್ತೆ ಬರೆದರು, ಇಬ್ಬರೂ ನಕ್ಕರು. ಅರ್ಧ ತಾಸು ಹಿಂಗ ಹೋತು. ನಾಲ್ಕು ದಿನದಲ್ಲಿ ನಡೆದ ಶಿಕ್ಷಣ ಅದೊಂದೇ. ಕಾರ್ಯಕ್ರಮದ ಪಟ್ಟಿಯಲ್ಲಿ ಅದು ಇರಲಿಲ್ಲ. ಸೀಟಿ ಊದಿ ಇಬ್ಬರನ್ನೂ ಎಬ್ಬಿಸಿದರು.

ಇನ್ನು ಪಣಜಿಯ ಸಂಗತಿ. ಮೂರನೇ ದಿನ ಬೆಳಿಗ್ಗೆ ಬಸ್ಸು ನಿಂತ ಕಡೆ ಒಂದು ನಾಕಾ. ಐವತ್ತು-ಅರವತ್ತು ಮಂದಿ ಕೈಯಲ್ಲಿ ಕರಣಿ, ಬುಟ್ಟಿ, ಟಿಫಿನ್ ಡಬ್ಬಿ ಹಿಡಿದು ಕೂಲಿಗೆ ಕರೆಯುವವರ ದಾರಿ ಕಾಯುತ್ತಿದ್ದರು. ಮಾತೆಲ್ಲ ನಮ್ಮ ಮಾತು: ಬಾಗಲಕೋಟೆ, ಗದಗ, ಕೊಪ್ಪಳದ ಕಡೆಯ ಮಾತು. ಪರದೇಶದ ಹುಡುಗರು ಫೋಟೋ ತೆಗೆಯತೊಡಗಿದರು. ಇವರು ಯಾರು ಎಂದು ಒಬ್ಬಾಕೆ ಕೇಳಿದಳು. ಗೈಡು ನಕ್ಕು, “ಘಾಟಿಗಳು” ಅಂದ. ಘಟ್ಟದ ಮೇಲಿನಿಂದ ಬಂದವರು ಅನ್ನುವ ಆ ಶಬ್ದ ಅಲ್ಲಿ ಬೈಗುಳವಾಗಿ ಬಳಕೆಯಲ್ಲಿದೆ. ಆಕೆ ನನ್ನ ಕಡೆ ತಿರುಗಿ, ಇವರು ಆಡುವುದು ನಿಮ್ಮ ಭಾಷೆಯೇ ಎಂದು ಕೇಳಿದಳು. ಹೌದು ಅಂದೆ. ಅಷ್ಟೇ ಅಂದೆ. ಹತ್ತು ಮಾತು ಹೇಳಬೇಕಾದಲ್ಲಿ ಒಂದು ಹೇಳಿ, ಮಕ್ಕಳನ್ನು ಬಸ್ಸಿಗೆ ಹತ್ತಿಸಿದೆ. ಗೈಡಿನ ತಪ್ಪು ಎಷ್ಟಿದೆಯೋ ನನ್ನದೂ ಅಷ್ಟೇ ಇದೆ.

ಬಸ್ಸಿನಲ್ಲಿ ಒಬ್ಬ ಹುಡುಗ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದ. ಊಟ ಬೇಡ ಅಂದ. ರಾತ್ರಿ ನನ್ನ ಹತ್ತಿರ ಬಂದು, “ಸರ್, ನಮ್ಮ ಕಾಕಾನೂ ಮಡಗಾಂವದಾಗ ಹಿಂಗ ನಿಂದರ್ತಾನ್ರಿ. ಯಾರಿಗೂ ಹೇಳಬ್ಯಾಡ್ರಿ” ಅಂದ. ಅವನ ಪ್ರವಾಸದ ರೊಕ್ಕ ಕೊಟ್ಟವನೂ ಆ ಕಾಕಾನೇ.

ಈಗ ಹೇಳಿ, ಇದು ಎಂಥ ಶೈಕ್ಷಣಿಕ ಪ್ರವಾಸ? ಮನೆಯಲ್ಲಿ ಅಭಿಮಾನದಿಂದ ನೋಡುತ್ತಿದ್ದ ಮನುಷ್ಯನ ಬಗ್ಗೆ ನಾಚಿಕೆಪಡುವುದನ್ನು ಹುಡುಗ ನಾಲ್ಕು ದಿನದಲ್ಲಿ ಕಲಿತು ಬಂದ. ಗೋವಾದ ಕಟ್ಟಡ, ರಸ್ತೆ, ಬಂದರುಗಳಲ್ಲಿ ದುಡಿದವರಲ್ಲಿ ನಮ್ಮ ಜಿಲ್ಲೆಗಳವರು ಸಾವಿರಾರು ಮಂದಿ. 2004ರ ಮಳೆಗಾಲದಲ್ಲಿ ವಾಸ್ಕೋದ ಬೈನಾ ದಂಡೆಯ ಮನೆಗಳನ್ನು ಕೆಡವಿದಾಗ ಬೀದಿಗೆ ಬಿದ್ದವರಲ್ಲಿ ಕನ್ನಡದವರೇ ಬಹಳ. ಪಾಠ ಅಂದರೆ ಇದೂ ಪಾಠವೇ. ಆದರೆ ನಾಕಾದ ಮುಂದೆ ಫೋಟೋ ಹೊಡೆದು ಮುಂದಕ್ಕೆ ಹೋದರೆ ಅದು ಪಾಠ ಆಗುವುದಿಲ್ಲ.

“ಇಂಗ್ಲಿಷ್ ಬರತೈತಲ್ಲ ಮಾಸ್ತರ” ಅನ್ನುತ್ತಾರೆ. ನಾನು ಎಣಿಸಿದ್ದೇನೆ. ವಾಟ್ ಈಸ್ ಯುವರ್ ನೇಮ್, ವೇರ್ ಆರ್ ಯೂ ಫ್ರಮ್, ಥ್ಯಾಂಕ್ಯೂ. ಇದಕ್ಕೆ ಅನಮೋಡ ಘಾಟು ಇಳಿಯಬೇಕಾಗಿರಲಿಲ್ಲ.

ನಮ್ಮವರಿಗೆ ಹೇಳಲು ಏನೂ ಇಲ್ಲವೆಂದು ಮೊದಲೇ ತೀರ್ಮಾನಿಸಿದ್ದು ನನಗೆ ಎಲ್ಲಕ್ಕಿಂತ ಸಿಟ್ಟು ತರಿಸುವ ಸಂಗತಿ. ನಮ್ಮೂರಿಗೆ ಸಮೀಪ, ಕಿತ್ತೂರಿನ ಪಕ್ಕದ ದೇಗಾಂವದಲ್ಲಿ ಕಮಲನಾರಾಯಣ ಗುಡಿ ಇದೆ. 12ನೇ ಶತಮಾನದಲ್ಲಿ ಅದನ್ನು ಕಟ್ಟಿಸಿದವಳು ಗೋವೆಯ ಕದಂಬರ ಅರಸ ಶಿವಚಿತ್ತ ಪೆರ್ಮಾಡಿಯ ರಾಣಿ ಕಮಲಾದೇವಿ. ಆ ಕದಂಬರ ರಾಜಧಾನಿ ಮೊದಲು ಚಂದ್ರಪುರ, ಅಂದರೆ ಇಂದಿನ ಚಾಂದೋರ, ಆಮೇಲೆ ಝುವಾರಿ ದಂಡೆಯ ಗೋಪಕಪಟ್ಟಣ. ಗೋವಾ ಸರ್ಕಾರದ ಬಸ್ಸಿನ ಮೇಲೆ ಇವತ್ತಿಗೂ ಕದಂಬ ಅಂತಲೇ ಹೆಸರು. ಮೊಲೆಂ ಕಾಡಿನ ಹತ್ತಿರ ತಾಂಬಡಿ ಸುರ್ಲಾದಲ್ಲಿ ಕರಿಕಲ್ಲಿನ ಮಹಾದೇವ ಗುಡಿ ಇದೆ. ನಮ್ಮ ಬಸ್ಸು ಅದರ ತಿರುವಿನ ಮುಂದಿಂದಲೇ ಹೋಯಿತು, ನಿಲ್ಲಲಿಲ್ಲ. ದೇಗಾಂವದ ಗುಡಿ ನೋಡಿ ಬೆಳೆದ ಮಗು ಅಲ್ಲಿ ನಿಂತು ಎರಡನ್ನೂ ಹೋಲಿಸಿ ಹೇಳಬಹುದಿತ್ತು, ಗೈಡು ಕೇಳಬಹುದಿತ್ತು. ಪಣಜಿಯ ಸೇತುವೆಯ ಮೇಲೆ ಮಾಂಡೋವಿ ತೋರಿಸಿದರು. ಅದು ನಮ್ಮ ಖಾನಾಪುರ ತಾಲೂಕಿನಲ್ಲಿ ಹುಟ್ಟಿದ ಮಹದಾಯಿ ಅಂತ ಯಾರೂ ಅನ್ನಲಿಲ್ಲ. ನೀರಿಗಾಗಿ ಜಗಳ ಆಡುತ್ತೇವೆ, 2018ರಲ್ಲಿ ನ್ಯಾಯಮಂಡಳಿಯ ತೀರ್ಪೂ ಬಂತು, ಆದರೆ ಮಕ್ಕಳಿಗೆ ಹೊಳೆಯ ಗುರುತು ಮಾತ್ರ ಇಲ್ಲ.

ಪರದೇಶದ ವಿದ್ಯಾರ್ಥಿಗಳು ಗೋವಾಕ್ಕೆ ಹೊಸಬರೂ ಅಲ್ಲ. ಹಳೇ ಗೋವಾದಲ್ಲಿ ಸೇಂಟ್ ಪಾಲ್ ಕಾಲೇಜಿನ ಬಾಗಿಲ ಕಮಾನು ಒಂದೇ ಉಳಿದಿದೆ. 1556ರಲ್ಲಿ ಹಿಂದೂಸ್ತಾನದ ಮೊದಲ ಅಚ್ಚಿನ ಯಂತ್ರ ಬಂದದ್ದು ಅಲ್ಲಿಗೆ. ಆಫ್ರಿಕದವರು, ಮಲಾಯಾದವರು, ಇಲ್ಲಿಯವರು ಅಲ್ಲಿ ಒಟ್ಟಿಗೆ ಓದಿದರು. ಮತಾಂತರದ ಉದ್ದೇಶದ ಶಾಲೆ ಅದು, ಅದರ ಜಬರದಸ್ತಿಯನ್ನು ನಾನು ಮರೆಸುತ್ತಿಲ್ಲ. ಆದರೆ 1579ರಲ್ಲಿ ಗೋವಾಕ್ಕೆ ಬಂದ ಇಂಗ್ಲೆಂಡಿನ ಥಾಮಸ್ ಸ್ಟೀಫನ್ಸ್ ಪಾದ್ರಿ ಊರಿನ ಭಾಷೆ ಕಲಿತು, ಆ ಭಾಷೆಗೆ ವ್ಯಾಕರಣ ಬರೆದ. 1640ರಲ್ಲಿ ಅದು ಅಚ್ಚಾದಾಗ ಆ ಕೊಂಕಣಿಗೆ ಪೋರ್ಚುಗೀಸರು ಇಟ್ಟಿದ್ದ ಹೆಸರು ಕಾನಾರಿಂ. ಕನ್ನಡದ ನೆರಳು ಅಲ್ಲಿ ಅಷ್ಟು ದಟ್ಟವಾಗಿತ್ತು. ನಾಲ್ಕು ನೂರು ವರ್ಷದ ಹಿಂದೆ ಪರದೇಶದವನು ನಮ್ಮ ಕಡೆಯವರ ಮಾತು ಕಲಿತನೆಂದ ಮೇಲೆ, ಈಗ ನಾಲ್ಕು ದಿನಕ್ಕೆ ಬಂದವರಿಗೆ ಒಬ್ಬ ದುಭಾಷಿಯನ್ನಾದರೂ ಇಡಲು ಏನು ಅಡ್ಡಿ?

ಹಂಗಂತ ಪ್ರವಾಸವೇ ಬೇಡ ಅನ್ನುವವನಲ್ಲ ನಾನು. ಹೋಗಲಿ. ಎರಡೂ ಬಸ್ಸಿನಲ್ಲಿ ಬೆರೆತು ಕೂತು ಹೋಗಲಿ. ಹೊರಡುವ ಮೊದಲು ಎರಡು ದಿನ ಅವರೇ ಇಲ್ಲಿ ಬಂದು ಉಳಿಯಲಿ, ದೇಗಾಂವ, ಹಲಸಿ ನೋಡಲಿ, ತೋರಿಸುವ ಕೆಲಸ ನಮ್ಮ ಮಕ್ಕಳದಾಗಲಿ. ಕೋಲಾಟ ಆಡುವುದಾದರೆ ಅವರೂ ಕೋಲು ಹಿಡಿಯಲಿ. ನಾಕಾದ ಮುಂದೆ ನಿಲ್ಲುವುದಾದರೆ ಕ್ಯಾಮರಾ ಚೀಲದೊಳಗಿಟ್ಟು, ಆ ಮಂದಿಯನ್ನು ಕೇಳಿ, ಅವರು ಕೂರಲು ಹೇಳಿದರೆ ಕೂತು ಮಾತಾಡಲಿ. ಚಹಾದ ರೊಕ್ಕ ನಾನು ಕೊಡುತ್ತೇನೆ.

ಇದಿಷ್ಟನ್ನೂ ಬರೆದು ಸಮಿತಿಗೆ ಕೊಟ್ಟೆ. “ನೋಡೋಣ್ರಿ ಸರ್” ಅಂದರು. ಮಕ್ಕಳ ಪಟ್ಟಿ ಆಗಲೇ ಗೋಡೆಗೆ ಹಚ್ಚಿದ್ದರು. ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದ ಆ ಹುಡುಗ ಈಗ ಹತ್ತನೇತ್ತೆ, ಹೆಸರು ಪಟ್ಟಿಯಲ್ಲಿ ಏಳನೆಯದು. ಡೊಳ್ಳು ಚಲೋ ಬಾರಿಸ್ತಾನ ಅಂತ ಸೇರಿಸಿದ್ದಾರೆ. ಬರ್ತೀ ಏನಪಾ ಅಂತ ಅವನನ್ನು ಇನ್ನೂ ಯಾರೂ ಕೇಳಿಲ್ಲ.