ಜೆರಾಕ್ಸ್ ಅಂಗಡಿಯ ಕೌಂಟರಿನಿಂದ ಕಂಡ ಪೌರತ್ವ

ಬಿ.ಟಿ.ಎಂ. ಲೇಔಟ್‌ನಲ್ಲಿ ಪಿ.ಜಿ., ಬೆಳಿಗ್ಗೆ ಎಫ್‌ಡಿಎ ಪರೀಕ್ಷೆಗೆ ಓದು, ಸಂಜೆ ನಾಲ್ಕರಿಂದ ಒಂಬತ್ತರವರೆಗೆ ಜಯನಗರದ ಒಂದು ಜೆರಾಕ್ಸ್ ಅಂಗಡಿಯಲ್ಲಿ ಕೆಲಸ. ಎರಡು ವರ್ಷದಿಂದ ನನ್ನ ದಿನಚರಿ ಇದು. ಜೆರಾಕ್ಸ್ ಅಂದರೆ ಬರೀ ಜೆರಾಕ್ಸ್ ಅಲ್ಲ. ಆನ್‌ಲೈನ್ ಅರ್ಜಿ, ಪಾಸ್‌ಪೋರ್ಟ್ ಸೈಜ್ ಫೋಟೊ, ಲ್ಯಾಮಿನೇಷನ್, ಬಾಡಿಗೆ ಕರಾರು ಪತ್ರ ಎಲ್ಲವೂ ಉಂಟು. ಊರಿನ ಅರ್ಧ ಜನರ ಗುಟ್ಟು ಡಾಕ್ಟರಿಗೆ ಗೊತ್ತಿದ್ದರೆ ಇನ್ನರ್ಧ ನಮಗೆ ಗೊತ್ತಿರುತ್ತದೆ ಎಂದು ನಮ್ಮ ಮಾಲೀಕರು ತಮಾಷೆ ಮಾಡುತ್ತಾರೆ.

ಕಳೆದ ದಸರಾ ಹೊತ್ತಿಗೆ ಒಂದು ಸಂಜೆ ಕೌಂಟರಿನ ಮುಂದೆ ಇಬ್ಬರು ನಿಂತಿದ್ದರು. ಒಬ್ಬರು ನಿವೃತ್ತ ಅಧಿಕಾರಿ, ನಮ್ಮ ಖಾಯಂ ಗಿರಾಕಿ. ಮಗ ಅಮೆರಿಕದಲ್ಲಿ ಎಚ್‌1ಬಿ ವೀಸಾದಲ್ಲಿದ್ದಾನೆ, ಗ್ರೀನ್‌ಕಾರ್ಡಿಗೆ ಕಾಯುತ್ತ ಹನ್ನೆರಡು ವರ್ಷವಾಯಿತಂತೆ. ಒಂದೊಂದು ದೇಶದವರಿಗೆ ವರ್ಷಕ್ಕೆ ಶೇ 7ಕ್ಕಿಂತ ಹೆಚ್ಚು ಕೊಡಬಾರದು ಎಂಬ ನಿಯಮ ಅಲ್ಲಿದೆ, ಹಾಗಾಗಿ ಭಾರತದವರ ಸರದಿ ಬೆಳೆಯುತ್ತಲೇ ಹೋಗುತ್ತದೆ. ಮಗನ ಜನನ ಪ್ರಮಾಣಪತ್ರದಲ್ಲಿ ಹೆಸರೇ ಇಲ್ಲ, 'ಗಂಡು ಮಗು' ಎಂದಷ್ಟೇ ಇದೆ. ಅದಕ್ಕೆ ತಾವೂ ಸೋದರಮಾವನೂ 'ಇವನು ನಮ್ಮ ಕಣ್ಣೆದುರೇ ಹುಟ್ಟಿದವನು' ಎಂದು ಅಫಿಡವಿಟ್ ಮಾಡಿಸಿ ಸ್ಕ್ಯಾನ್ ಮಾಡಲು ತಂದಿದ್ದರು. ಜನನ ದಾಖಲೆ ಸರಿಯಿಲ್ಲದ ಭಾರತೀಯರಿಂದ ಅಮೆರಿಕದ ವಲಸೆ ಇಲಾಖೆ ಇಂಥ ಹಿರಿಯರ ಅಫಿಡವಿಟ್‌ಗಳನ್ನು ಒಪ್ಪಿಕೊಳ್ಳುತ್ತದೆ. ನಾನೇ ಹತ್ತಾರು ಸ್ಕ್ಯಾನ್ ಮಾಡಿದ್ದೇನೆ.

ಇನ್ನೊಬ್ಬರು ಮನೆಗೆಲಸದ ಹೆಂಗಸು. ಮೂರು ಮನೆಗಳಲ್ಲಿ ಪಾತ್ರೆ, ಬಟ್ಟೆ, ನೆಲ. ಊರು ಪಶ್ಚಿಮ ಬಂಗಾಳದ ಮುರ್ಷಿದಾಬಾದ್ ಜಿಲ್ಲೆ. ವಾಸ ಜೆ.ಪಿ. ನಗರದಾಚೆ, ಕೊತ್ತನೂರು ದಿಣ್ಣೆ ಕಡೆಯ ಒಂದು ತಗಡಿನ ಶೆಡ್. ಪೊಲೀಸ್ ವೆರಿಫಿಕೇಶನ್ ಪತ್ರ ತರದಿದ್ದರೆ ಗೇಟಿನೊಳಗೆ ಬಿಡುವುದಿಲ್ಲವೆಂದು ಅಪಾರ್ಟ್‌ಮೆಂಟಿನವರು ಹೇಳಿದ್ದರು. ಸೇವಾಸಿಂಧುವಿನಲ್ಲಿ ಅರ್ಜಿ ಹಾಕಬಹುದು. ಆದರೆ ಆಕೆಯ ಆಧಾರ್‌ನಲ್ಲಿ ಇದ್ದದ್ದು ಊರಿನ ವಿಳಾಸ. ಇಲ್ಲಿನ ವಿಳಾಸಕ್ಕೆ ಪುರಾವೆ ಬೇಕು. ಬಾಡಿಗೆ ಕರಾರು ಮಾಡಿಕೊಡಲು ಶೆಡ್ಡಿನ ಮಾಲೀಕ ಸುತರಾಂ ಒಪ್ಪುವುದಿಲ್ಲ. ಕಾರ್ಪೊರೇಟರ್ ಸಹಿಯ ಪತ್ರ ಆಗುತ್ತದೆ ಎನ್ನೋಣವೆಂದರೆ, ಪಾಲಿಕೆಯ ಅವಧಿ 2020ರ ಸೆಪ್ಟೆಂಬರ್‌ನಲ್ಲೇ ಮುಗಿದಿತ್ತು, ಐದು ವರ್ಷವಾದರೂ ಚುನಾವಣೆ ನಡೆದಿರಲಿಲ್ಲ. ಇಲ್ಲದ ಕಾರ್ಪೊರೇಟರನ್ನು ಎಲ್ಲಿಂದ ತರುವುದು?

ಹಿರಿಯರು ನನ್ನ ಕಡೆ ಬಗ್ಗಿ ಮೆಲ್ಲಗೆ, "ಬಾಂಗ್ಲಾದವಳೇನಪ್ಪ? ಹುಷಾರು, ನಿಮ್ಮ ಅಂಗಡಿಗೆ ಕೆಟ್ಟ ಹೆಸರು" ಎಂದರು. ಅವರು ಕೆಟ್ಟವರಲ್ಲ. ನನ್ನ ಪರೀಕ್ಷೆಯ ಫೀಸಿಗೆ ಒಮ್ಮೆ ಸಾಲ ಕೊಟ್ಟವರು. "ಸರ್, ಆಧಾರ್ ಇದೆಯಲ್ಲ" ಎಂದೆ. "ಅದರ ಹಿಂದೆ ಏನು ಬರೆದಿದೆ ಓದು" ಎಂದರು.

ಓದಿದೆ. ದಿನಕ್ಕೆ ಐವತ್ತು ಸಲ ಜೆರಾಕ್ಸ್ ಮಾಡುವ ಹಾಳೆಯನ್ನು ಅವತ್ತೇ ಓದಿದ್ದು. ಆಧಾರ್ ಗುರುತಿನ ಪುರಾವೆ, ಪೌರತ್ವದ ಪುರಾವೆಯಲ್ಲ. ಹಿರಿಯರು ಹೇಳಿದ್ದು ಸರಿ. 2016ರ ಆಧಾರ್ ಕಾಯ್ದೆಯೇ ಹಾಗೆ ಹೇಳುತ್ತದೆ. ಅರ್ಜಿಯ ಹಿಂದಿನ ಹನ್ನೆರಡು ತಿಂಗಳಲ್ಲಿ 182 ದಿನ ಇಲ್ಲಿ ವಾಸವಿದ್ದವರಿಗೆ ಅದು ಸಿಗುತ್ತದೆ. ಹಾಗಾದರೆ ಅದು ಆಕೆಯ ಪೌರತ್ವದ ಪುರಾವೆಯಲ್ಲ, ನನ್ನದೂ ಅಲ್ಲ, ಅವರದ್ದೂ ಅಲ್ಲ.

ಅವತ್ತು ರಾತ್ರಿ ಪಿ.ಜಿ.ಯಲ್ಲಿ ಕುಳಿತು ಪೌರತ್ವ ಕಾಯ್ದೆಯನ್ನು ಓದಿದೆ. ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದ ವಿಷಯವೇ, ಆದರೆ ನನ್ನ ಮನೆಗೆ ಹಚ್ಚಿ ನೋಡಿರಲಿಲ್ಲ. 1950ರ ಜನವರಿ 26ರಿಂದ 1987ರ ಜೂನ್ 30ರವರೆಗೆ ಭಾರತದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಪೌರರು. 1987ರ ಜುಲೈ 1ರಿಂದ 2004ರ ಡಿಸೆಂಬರ್ 2ರವರೆಗೆ ಹುಟ್ಟಿದವರಾದರೆ, ತಂದೆ ತಾಯಿಯರಲ್ಲಿ ಒಬ್ಬರು ಭಾರತೀಯರಾಗಿರಬೇಕು. 2004ರ ಡಿಸೆಂಬರ್ 3ರಿಂದೀಚೆಗೆ ಹುಟ್ಟಿದವರಿಗೆ ಇಬ್ಬರೂ ಭಾರತೀಯರಾಗಿರಬೇಕು, ಇಲ್ಲವೇ ಒಬ್ಬರು ಭಾರತೀಯರಾಗಿದ್ದು ಇನ್ನೊಬ್ಬರು ಅಕ್ರಮ ವಲಸಿಗರಾಗಿರಬಾರದು. ಈ ಪುಟ ಓದುತ್ತಿರುವ ಡಿಗ್ರಿ ವಿದ್ಯಾರ್ಥಿಗಳಲ್ಲಿ ಬಹುಪಾಲು ಈ ಮೂರನೇ ಸಾಲಿಗೆ ಸೇರುತ್ತೀರಿ. ನಿಮ್ಮ ಜನನ ಪ್ರಮಾಣಪತ್ರವೊಂದೇ ನಿಮಗೆ ಸಾಲದು.

ನಾನು ಹುಟ್ಟಿದ್ದು 2003ರಲ್ಲಿ, ತಂಗಿ 2006ರಲ್ಲಿ. ಒಂದೇ ಮನೆ, ಒಂದೇ ಆಸ್ಪತ್ರೆ, ಎರಡು ಕಾನೂನು. ಅವ್ವನಿಗೆ ಫೋನ್ ಹಚ್ಚಿ ನಿನ್ನ ಜನನ ದಾಖಲೆ ಇದೆಯಾ ಎಂದು ಕೇಳಿದೆ. "ಅವಾಗ ಯಾರು ಬರೆಸ್ತಿದ್ರಪಾ? ಜೋಳ ಒಕ್ಕೋ ಹೊತ್ನಾಗ ಹುಟ್ಟೀದಿ ಅಂತ ನಮ್ಮವ್ವ ಹೇಳ್ತಿದ್ಲು" ಎಂದು ನಕ್ಕಳು. ಅವಳು ಹುಟ್ಟಿದ್ದು 1987ಕ್ಕಿಂತ ಎಷ್ಟೋ ಮೊದಲು. ಕಾನೂನಿನ ಲೆಕ್ಕದಲ್ಲಿ ನಮ್ಮ ಮೂವರಲ್ಲಿ ಅವಳ ಪೌರತ್ವವೇ ಗಟ್ಟಿ. ಆದರೆ ಹುಟ್ಟಿದ್ದಕ್ಕೆ ಒಂದು ಕಾಗದವೂ ಇಲ್ಲದವಳು ಅವಳೇ. ಇದೆಲ್ಲ ಬರೀ ಪುಸ್ತಕದ ಮಾತು ಎನ್ನುವಂತಿಲ್ಲ. 2025ರಲ್ಲಿ ಬಿಹಾರದಲ್ಲಿ ಮತದಾರರ ಪಟ್ಟಿಯ ವಿಶೇಷ ಪರಿಷ್ಕರಣೆ ನಡೆದಾಗ ಇವೇ ತಾರೀಕುಗಳ ಮೇಲೆ ದಾಖಲೆ ಕೇಳಿದರು.

ನಮ್ಮೂರು ಸಿಂಧನೂರು ತಾಲ್ಲೂಕಿನದು. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ಹಿಂದೂ ಕುಟುಂಬಗಳನ್ನು ಸರ್ಕಾರವೇ ತಂದು ನೆಲೆಗೊಳಿಸಿದ ಆರ್.ಎಚ್. ಕ್ಯಾಂಪ್‌ಗಳು ನಮ್ಮ ತಾಲ್ಲೂಕಿನಲ್ಲಿವೆ. ಕ್ಯಾಂಪಿನ ಹುಡುಗರು ನನ್ನ ಜೊತೆ ಓದಿದವರು, ಮನೆಯಲ್ಲಿ ಬಂಗಾಳಿ, ಶಾಲೆಯಲ್ಲಿ ನಮಗಿಂತ ಜೋರು ರಾಯಚೂರು ಕನ್ನಡ. ಬೈಲಕುಪ್ಪೆಗೆ 1960ರಲ್ಲಿ ಟಿಬೆಟನ್ನರು ಬಂದರು. ಮೈಸೂರು ರಾಜ್ಯ ಜಾಗ ಕೊಟ್ಟಿತು, ಕೇಂದ್ರ ಸರ್ಕಾರ ನೋಂದಣಿ ಪ್ರಮಾಣಪತ್ರ ಕೊಟ್ಟಿತು. 1964ರ ಶಾಸ್ತ್ರಿ–ಸಿರಿಮಾವೊ ಒಪ್ಪಂದದಂತೆ ಶ್ರೀಲಂಕಾದಿಂದ ಬಂದ ತಮಿಳರಿಗೆ ಸುಳ್ಯ, ಪುತ್ತೂರಿನ ರಬ್ಬರ್ ತೋಟಗಳಲ್ಲಿ ಕೆಲಸ ಸಿಕ್ಕಿತು. ಹೊರಗಿನಿಂದ ಬಂದವರಿಗೆ ಏನಾದರೊಂದು ಕಾನೂನಿನ ನೆಲೆ ಕೊಡುವುದು ಕರ್ನಾಟಕಕ್ಕೆ ಹೊಸತಲ್ಲ. ಅವರು ನಿರಾಶ್ರಿತರು, ಇವರು ಕೂಲಿಗೆ ಬಂದವರು ಎಂಬ ವ್ಯತ್ಯಾಸ ಇದೆ, ಒಪ್ಪುತ್ತೇನೆ. ಆದರೆ ಪೌರತ್ವಕ್ಕೂ ಗಡಿಪಾರಿಗೂ ನಡುವೆ ಮತವಿಲ್ಲದ, ಆಗಾಗ ನವೀಕರಿಸಬೇಕಾದ ಒಂದು ಕಾಗದ ಇರಲು ಸಾಧ್ಯ ಎಂಬುದನ್ನು ಬೈಲಕುಪ್ಪೆ ಅರವತ್ತು ವರ್ಷದಿಂದ ತೋರಿಸುತ್ತಿದೆ.

ಈಗಿನ ನಮ್ಮ ರಾಜಕೀಯ ಚರ್ಚೆಯಲ್ಲಿ ಆ ನಡುವಿನ ಜಾಗವೇ ಇಲ್ಲ. ಒಂದು ಪಕ್ಷ 'ಎಲ್ಲರನ್ನೂ ಓಡಿಸಿ' ಎನ್ನುತ್ತದೆ, ಇನ್ನೊಂದು 'ಅಂಥವರು ಯಾರೂ ಇಲ್ಲ' ಎಂಬಂತೆ ಮಾತಾಡುತ್ತದೆ. ಅಧಿಕಾರ ಬದಲಾದರೆ ಮಾತಿನ ಕಾವೂ ಬದಲಾಗುತ್ತದೆ. ಅಮೆರಿಕದಲ್ಲಿ ಜಗಳ ಇದಕ್ಕಿಂತ ಜೋರು, ಆದರೆ ಜಗಳಕ್ಕೆ ಒಂದು ವಿಷಯವಾದರೂ ಇದೆ. 1986ರಲ್ಲಿ ರೊನಾಲ್ಡ್ ರೇಗನ್ ಸಹಿ ಹಾಕಿದ ಕಾಯ್ದೆ ಸುಮಾರು 27 ಲಕ್ಷ ದಾಖಲೆರಹಿತರಿಗೆ ಕಾನೂನಿನ ಮಾನ್ಯತೆ ಕೊಟ್ಟಿತು. ಗೊತ್ತಿದ್ದೂ ಅಂಥವರನ್ನು ಕೆಲಸಕ್ಕೆ ಇಟ್ಟುಕೊಂಡರೆ ಅಪರಾಧ ಎಂದೂ ಮಾಡಿತು. 2013ರಲ್ಲಿ ಅಂಥದ್ದೇ ದೊಡ್ಡ ಮಸೂದೆ ಸೆನೆಟ್‌ನಲ್ಲಿ 68–32ರಿಂದ ಗೆದ್ದು, ಕೆಳಮನೆಯಲ್ಲಿ ಚರ್ಚೆಗೇ ಬಾರದೆ ಸತ್ತಿತು. 2025ರ ಫೆಬ್ರುವರಿ 5ರಂದು 104 ಭಾರತೀಯರನ್ನು ಕೈಕಾಲಿಗೆ ಕೋಳ ಹಾಕಿ ಸೇನಾ ವಿಮಾನದಲ್ಲಿ ಅಮೃತಸರಕ್ಕೆ ತಂದಿಳಿಸಿದಾಗ ನಾವೆಲ್ಲ ಸಿಟ್ಟಾದೆವು. ನಮ್ಮ ಅಂಗಡಿಯಲ್ಲೂ ಅವತ್ತು ಅದೇ ಮಾತು. 'ಹೊಟ್ಟೆಪಾಡಿಗೆ ಹೋದವರನ್ನು ಕಳ್ಳರ ಥರ ನೋಡಬಹುದಾ?' ಎಂದವರು ಇದೇ ಹಿರಿಯರು.

ಇಲ್ಲಿ ನಡೆದದ್ದನ್ನೂ ನೋಡಿ. 2020ರ ಜನವರಿಯಲ್ಲಿ ಬೆಳ್ಳಂದೂರು ಬಳಿಯ ಕರಿಯಮ್ಮನ ಅಗ್ರಹಾರದಲ್ಲಿ ಬಾಂಗ್ಲಾದೇಶೀಯರಿದ್ದಾರೆ ಎಂಬ ವಿಡಿಯೊ ಹರಿದಾಡಿತು, ಕೆಲವೇ ದಿನಗಳಲ್ಲಿ ಜೆಸಿಬಿ ಬಂತು. ಶೆಡ್ ಕಳೆದುಕೊಂಡವರಲ್ಲಿ ಅಸ್ಸಾಂ, ತ್ರಿಪುರ, ಬಂಗಾಳದವರ ಜೊತೆ ನಮ್ಮ ಉತ್ತರ ಕರ್ನಾಟಕದವರೂ ಇದ್ದರು, ಗುರುತಿನ ಚೀಟಿ ಹಿಡಿದುಕೊಂಡು. ಮುಖ್ಯ ನ್ಯಾಯಮೂರ್ತಿ ಎ.ಎಸ್. ಓಕಾ ನೇತೃತ್ವದ ಹೈಕೋರ್ಟ್ ಪೀಠ ಆ ತೆರವು ಕಾನೂನುಬಾಹಿರ ಎಂದಿತು. 2025ರ ಜೂನ್‌ನಲ್ಲಿ ದೆಹಲಿಯಲ್ಲಿ ದುಡಿಯುತ್ತಿದ್ದ ಬೀರ್‌ಭೂಮ್ ಜಿಲ್ಲೆಯ ಕುಟುಂಬವೊಂದನ್ನು ಹಿಡಿದು ಗಡಿಯಾಚೆ ತಳ್ಳಿದರು. ಹೆಂಡತಿ ಗರ್ಭಿಣಿ. ಬಾಂಗ್ಲಾದೇಶದವರು ಅಕ್ರಮವಾಗಿ ನುಸುಳಿದ್ದಾರೆಂದು ಅವರನ್ನು ಜೈಲಿಗೆ ಹಾಕಿದರು. ಸೆಪ್ಟೆಂಬರ್‌ನಲ್ಲಿ ಕಲ್ಕತ್ತಾ ಹೈಕೋರ್ಟ್ ವಾಪಸ್ ಕರೆತನ್ನಿ ಎಂದಿತು. ಆಕೆ ಮಗನ ಜೊತೆ ಗಡಿ ದಾಟಿ ಬಂದದ್ದು ಡಿಸೆಂಬರ್‌ನಲ್ಲಿ, ತುಂಬು ಬಸುರಿಯಾಗಿ.

ಕಾನೂನು ಮಾತ್ರ ಗಟ್ಟಿಯಾಗುತ್ತಲೇ ಇದೆ. 2025ರ ಸೆಪ್ಟೆಂಬರ್ 1ರಿಂದ ಹೊಸ ವಲಸೆ ಮತ್ತು ವಿದೇಶಿಯರ ಕಾಯ್ದೆ ಬಂದಿದೆ. 1946ರ ಕಾಯ್ದೆ ಹೋದರೂ ಅದರ ಮುಖ್ಯ ತಿರುಳು ಉಳಿದಿದೆ. ವಿದೇಶಿ ಎಂಬ ಪ್ರಶ್ನೆ ಎದ್ದರೆ, ಅಲ್ಲವೆಂದು ಸಾಬೀತು ಮಾಡಬೇಕಾದ್ದು ಆ ವ್ಯಕ್ತಿಯೇ. ಅಸ್ಸಾಂನ ಪ್ರಕರಣವೊಂದರಲ್ಲಿ 2024ರ ಜುಲೈನಲ್ಲಿ ಸುಪ್ರೀಂ ಕೋರ್ಟ್, ಬರೀ ಅನುಮಾನ ಸಾಲದು, ಕೇಳುವ ಅಧಿಕಾರಿಯ ಕೈಯಲ್ಲೂ ಏನಾದರೂ ಆಧಾರ ಇರಬೇಕು ಎಂದು ಹೇಳಿದೆ. ಶೆಡ್ಡಿನ ಬಾಗಿಲಿಗೆ ಬರುವವರಿಗೆ ಆ ತೀರ್ಪು ಗೊತ್ತಿರುತ್ತದೆಯೇ?

ಹಾಗೆಂದು ಅಕ್ರಮವಾಗಿ ಬಂದವರೇ ಇಲ್ಲವೆಂದು ನಾನು ಹೇಳುವುದಿಲ್ಲ. 2019ರಲ್ಲಿ ಬೆಂಗಳೂರಿನಲ್ಲೇ 60 ಮಂದಿಯನ್ನು ಹಿಡಿದು ರೈಲಿನಲ್ಲಿ ಹೌರಾ ಕಡೆಗೆ ಕಳಿಸಿದ್ದರು. ಒಬ್ಬ ದಲ್ಲಾಳಿ ನಮ್ಮ ಅಂಗಡಿಗೇ ಬಂದು ಆಧಾರ್‌ನ ಹುಟ್ಟಿದ ವರ್ಷ 'ಸ್ವಲ್ಪ ಎಡಿಟ್' ಮಾಡಿಕೊಡು, ಐನೂರು ಕೊಡುತ್ತೇನೆ ಎಂದಿದ್ದ. ಮಾಲೀಕರು ಬೈದು ಕಳಿಸಿದರು. ಯಾರು ಒಳಗೆ ಬರಬೇಕು ಎಂದು ತೀರ್ಮಾನಿಸುವ ಹಕ್ಕು ದೇಶಕ್ಕಿದೆ. ನನ್ನ ತಕರಾರು ಇರುವುದು ಆ ತೀರ್ಮಾನ ಮೈಬಣ್ಣ, ಲುಂಗಿ, ಭಾಷೆ ನೋಡಿ ಆಗುತ್ತಿರುವುದಕ್ಕೆ.

ಇನ್ನೊಂದು ತಕರಾರು ಕೂಲಿಯದು. ಕೆಲಸ ಹುಡುಕುವ ನಮ್ಮಂಥವರು ಇದನ್ನು ಹೆಚ್ಚು ಯೋಚಿಸಬೇಕು. ನಮ್ಮ ಸೋದರಮಾವ ಬನಶಂಕರಿ ಕಡೆ ಗಾರೆ ಕೆಲಸ ಮಾಡುತ್ತಾನೆ. "ಬಂಗಾಲಿಗೋಳು ಬಂದು ನಮ್ಮ ಪಗಾರ ಕೆಡಿಸಿದ್ರು" ಎನ್ನುವುದು ಅವನ ನಿತ್ಯದ ಗೊಣಗಾಟ. ಅವನ ಹೊಟ್ಟೆಯ ಸಂಕಟ ಸುಳ್ಳಲ್ಲ. ಆದರೆ ಅವರು ಕಡಿಮೆಗೆ ಯಾಕೆ ಬರುತ್ತಾರೆ? ಮೇಸ್ತ್ರಿ ವಾರದ ಬಟವಾಡೆ ಹಿಡಿದುಕೊಂಡರೆ ಮಾವ ನಾಲ್ಕು ಜನರನ್ನು ಕರೆದುಕೊಂಡು ಹೋಗಿ ಜಗಳ ಮಾಡುತ್ತಾನೆ. ಮುರ್ಷಿದಾಬಾದಿನವನು ಜಗಳ ಮಾಡುವುದಿಲ್ಲ. 'ಪೊಲೀಸರಿಗೆ ಹೇಳಲಾ?' ಎಂಬ ಒಂದು ಮಾತು ಸಾಕು, ಅವನು ಅಪ್ಪಟ ಭಾರತೀಯನಾದರೂ ಬಾಯಿ ಮುಚ್ಚುತ್ತಾನೆ. ಆ ಹೆದರಿಕೆಯೇ ಅಗ್ಗದ ಕೂಲಿ. ಅದರ ಲಾಭ ಗುತ್ತಿಗೆದಾರನಿಗೆ, ಶೆಡ್ ಬಾಡಿಗೆ ತಿನ್ನುವವನಿಗೆ, ಅಷ್ಟಿಷ್ಟು ನಮಗೆಲ್ಲರಿಗೂ. ನಷ್ಟ ಮಾವನಿಗೆ. 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ ಪ್ರತಿ ಕಾರ್ಮಿಕನಿಗೂ ಫೋಟೊ ಹಚ್ಚಿದ ಪಾಸ್‌ಬುಕ್ ಕೊಡಬೇಕು ಎಂದಿತ್ತು, ಕೊಡಬೇಕಾದವನು ಗುತ್ತಿಗೆದಾರ. ಅಂಥ ಪಾಸ್‌ಬುಕ್ ಒಂದನ್ನಾದರೂ ಜೆರಾಕ್ಸ್ ಮಾಡಿದ ನೆನಪು ನನಗಿಲ್ಲ. ಆ ಕಾಯ್ದೆಯೂ ಈಗ ಹೊಸ ಕಾರ್ಮಿಕ ಸಂಹಿತೆಯಲ್ಲಿ ಕರಗಿದೆ.

ನನಗೆ ಅನ್ನಿಸುವುದಿಷ್ಟು. ಮೊದಲು ಕೆಲಸ ಕೊಟ್ಟವನ ಹೆಸರು ಬರೆಸಿ. ದುಡಿಯುವವನಿಗೆ ಪಾಸ್‌ಬುಕ್ ಕೊಡಿ, ಯಾವ ರಾಜ್ಯದವನಾದರೂ ಸರಿ. ಅನುಮಾನ ಬಂದವರ ಊರಿನ ಜಿಲ್ಲಾಡಳಿತವನ್ನು ಕೇಳಿ, ವಿಚಾರಣೆ ಮಾಡಿ, ವಕೀಲರನ್ನು ಕೊಡಿ. ವಿದೇಶಿಯೆಂದೇ ಸಾಬೀತಾದರೆ, ಆ ದೇಶ ವಾಪಸ್ ತೆಗೆದುಕೊಳ್ಳುವವರೆಗೆ ನೆಲಮಂಗಲದ ಸೊಂಡೆಕೊಪ್ಪದಂಥ ಬಂಧನ ಕೇಂದ್ರದಲ್ಲಿ ವರ್ಷಗಟ್ಟಲೆ ಕೂರಿಸುವ ಬದಲು, ಮತದ ಹಕ್ಕಿಲ್ಲದ ಅಲ್ಪಾವಧಿ ಕೆಲಸದ ಪರವಾನಗಿ ಯಾಕಾಗಬಾರದು? ಇದನ್ನು ಕೇಳಿದರೆ ನನ್ನ ಪಿ.ಜಿ.ಯ ಗೆಳೆಯರೇ ನನ್ನನ್ನು 'ದೇಶದ್ರೋಹಿ' ಎಂದು ಛೇಡಿಸುತ್ತಾರೆ. ಮಾವ ಮಾತ್ರ, "ಅವರಿಗೂ ನನ್ನಷ್ಟೇ ಪಗಾರ ಕೊಡಬೇಕಂತ ಬಿತ್ತಂದ್ರ, ಮೇಸ್ತ್ರಿ ನನ್ನನ್ನs ಕರೀತಾನ ಬಿಡು" ಎಂದ.

ಆ ಅಕ್ಕನ ಅರ್ಜಿ ಕೊನೆಗೂ ಹೋಗಲಿಲ್ಲ. ಎರಡು ಮನೆ ಬಿಟ್ಟುಹೋದವು, ಗೇಟಿಲ್ಲದ ಒಂದು ಮನೆ ಉಳಿದಿದೆ ಎಂದು ಆಮೇಲೆ ಒಮ್ಮೆ ಮೊಬೈಲ್ ರೀಚಾರ್ಜ್ ಮಾಡಿಸಲು ಬಂದಾಗ ಹೇಳಿದರು. ಊರಿನಲ್ಲೂ ಮತದಾರರ ಪಟ್ಟಿಯ ಪರಿಷ್ಕರಣೆ ಶುರುವಾಗಿದೆ, ಹೆಸರು ನೋಡಿಕೊಂಡು ಬರಬೇಕು, ರೈಲು ಟಿಕೆಟ್ ಬುಕ್ ಮಾಡಿಕೊಡ್ತೀಯಾ ಅಣ್ಣ ಎಂದರು. ಮಾಡಿಕೊಟ್ಟೆ, ವೇಟಿಂಗ್ ಲಿಸ್ಟ್ 84.

ನಾನೂ ಈ ಶನಿವಾರ ಊರಿಗೆ ಹೊರಟಿದ್ದೇನೆ. ಅವ್ವ ಎರಡನೇ ಇಯತ್ತೆವರೆಗೆ ಶಾಲೆಗೆ ಹೋಗಿದ್ದಳಂತೆ. ಹಳೇ ದಾಖಲಾತಿ ರಿಜಿಸ್ಟರ್ ಹುಡುಕಿಡುತ್ತೇನೆ ಎಂದು ಹೆಡ್‌ಮಾಸ್ತರು ಹೇಳಿದ್ದಾರೆ. ಗೆದ್ದಲು ಹಿಡಿಯದೆ ಉಳಿದಿದ್ದರೆ.