ಕಂದಾಯದ ಬಾಕಿ ಮತ್ತು ಕೋರ್ಟಿನ ಗುಮ್ಮ

ಮಾರ್ಚಿ ತಿಂಗಳು ಹತ್ತಿರ ಬಂತೆಂದರೆ ನಮ್ಮ ಜಿಲ್ಲೆಯ ನಗರಸಭೆಗಳಿಗೆ ಒಮ್ಮೆಲೇ ಎಚ್ಚರವಾಗುತ್ತದೆ. ವರ್ಷವೆಲ್ಲ ಚರಂಡಿಯ ಕಡೆ ಯಾರೂ ತಲೆ ಹಾಕದ ಬೀದಿಗಳಿಗೂ ಆಗ ವಸೂಲಿಯ ತಂಡ ಬರುತ್ತದೆ. ಧ್ವನಿವರ್ಧಕ ಕೂಗುತ್ತದೆ. ಮನೆ ಕಂದಾಯ ಬಾಕಿ ಇಟ್ಟವರ ಬಾಗಿಲಿಗೆ ನೋಟೀಸು ಬೀಳುತ್ತದೆ. ಆ ನೋಟೀಸಿನ ಕೊನೆಯಲ್ಲಿ ಒಂದು ವಾಕ್ಯ ಇದ್ದೇ ಇರುತ್ತದೆ: ಇಂತಿಷ್ಟು ದಿನದೊಳಗೆ ಕಟ್ಟದಿದ್ದರೆ ಕಾನೂನು ಕ್ರಮ ಜರುಗಿಸಲಾಗುವುದು. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಈ ನಾಲ್ಕು ಊರುಗಳ ಬಡಬಗ್ಗರು ಈ ಒಂದು ವಾಕ್ಯಕ್ಕೆ ಹೆದರಿ ನಿದ್ದೆಗೆಡುತ್ತಾರೆ. ಆದ್ದರಿಂದ ಈ ವಾರ ಈ ವಿಷಯವನ್ನೇ ಎತ್ತಿಕೊಂಡಿದ್ದೇವೆ.

ಹೆದರುವವರು ಯಾರು? ಶಿಡ್ಲಘಟ್ಟದಲ್ಲಿ ಗೂಡು ಕೊಂಡು, ನೂಲು ತೆಗೆದು, ರೇಷ್ಮೆ ಮಾರಿದ ಮೇಲಷ್ಟೆ ಕೈಗೆ ಕಾಸು ಕಾಣುವ ಸಣ್ಣ ರೀಲರು. ಚಿಂತಾಮಣಿಯ ಮಂಡಿಯಲ್ಲಿ ಟೊಮೇಟೊ ಪೆಟ್ಟಿಗೆ ಹೊತ್ತು ದಿನಗೂಲಿ ತರುವ ಹಮಾಲಿ. ಚಿಕ್ಕಬಳ್ಳಾಪುರದಲ್ಲಿ ಹೂವು ಕಟ್ಟಿ ಮಾರುವ ತಾಯಿ. ಗೌರಿಬಿದನೂರಿನಿಂದ ಬೆಳಗಿನ ಜಾವ ಗಾರ್ಮೆಂಟ್ಸಿನ ಬಸ್ಸು ಹತ್ತುವ ಹೆಣ್ಣುಮಗಳು. ಇವರ ಸಂಪಾದನೆ ವಾರದ ಲೆಕ್ಕದ್ದು, ದಿನದ ಲೆಕ್ಕದ್ದು. ಕಂದಾಯವಾದರೋ ವರ್ಷದ ಲೆಕ್ಕದ್ದು. ಗೂಡಿನ ಧಾರಣೆ ಒಂದು ಸಲ ಬಿದ್ದರೆ, ಮನೆಯಲ್ಲಿ ಒಬ್ಬರು ಆಸ್ಪತ್ರೆ ಸೇರಿದರೆ, ಮೊದಲು ಹಿಂದಕ್ಕೆ ಬೀಳುವುದು ಈ ಕಂದಾಯವೇ. ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂಬ ಗಾದೆಯನ್ನು ಕೇಳಿಕೊಂಡೇ ಬೆಳೆದ ಜನ ನಮ್ಮವರು. ಕೋರ್ಟಿನ ಹೆಸರು ಕಂಡೊಡನೆ ಕೈಸಾಲ ಮಾಡಿ, ಮೀಟರ್ ಬಡ್ಡಿಗೆ ಹಣ ತಂದು ಕಟ್ಟುತ್ತಾರೆ. ಇಲ್ಲವೇ ನೋಟೀಸನ್ನು ಮಡಿಚಿ ಟ್ರಂಕಿನಲ್ಲಿಟ್ಟು ಸುಮ್ಮನಾಗುತ್ತಾರೆ. ಎರಡೂ ಅವರಿಗೆ ನಷ್ಟವೇ.

ಮೊದಲಿಗೆ ನಮ್ಮ ನಿಲುವನ್ನು ಸ್ಪಷ್ಟಪಡಿಸುತ್ತೇವೆ. ಕಂದಾಯ ಕಟ್ಟಬೇಡಿ ಎಂದು ನಾವು ಯಾರಿಗೂ ಹೇಳುವವರಲ್ಲ. ಬೀದಿಯ ದೀಪ, ನಲ್ಲಿಯ ನೀರು, ಕಸದ ಗಾಡಿ, ಪೌರಕಾರ್ಮಿಕರ ಕೈಗವಸು ಇವೆಲ್ಲ ಆಕಾಶದಿಂದ ಇಳಿದು ಬರುವುದಿಲ್ಲ. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೆಯ ತಿದ್ದುಪಡಿ ನಗರಸಭೆಗಳಿಗೆ ಸ್ವಂತ ಸರ್ಕಾರದ ಸ್ಥಾನ ಕೊಟ್ಟಿತು. ಸ್ವಂತ ಸರ್ಕಾರಕ್ಕೆ ಸ್ವಂತ ವರಮಾನ ಬೇಡವೆ? ಎಲ್ಲದಕ್ಕೂ ಬೆಂಗಳೂರಿನ ಅನುದಾನಕ್ಕೆ ಕೈಚಾಚುವ ನಗರಸಭೆ ಜನರ ಮಾತಿಗಿಂತ ಬೆಂಗಳೂರಿನ ಮಾತನ್ನೇ ಹೆಚ್ಚು ಕೇಳುತ್ತದೆ. ಕಂದಾಯ ಸಮಾಜದ ಹುಂಡಿ, ಅದು ತುಂಬಬೇಕು. ಯಾರಿಂದ, ಯಾವ ರೀತಿಯಲ್ಲಿ, ಯಾವ ಹಿಡಿತದಲ್ಲಿ ತುಂಬಬೇಕೆಂಬುದೇ ನಮ್ಮ ಪ್ರಶ್ನೆ.

ಒಂದು ಸಣ್ಣ ಲೆಕ್ಕ ಹಾಕೋಣ. ಒಂದೇ ಬೀದಿಯಲ್ಲಿ ಒಂದೇ ಅಳತೆಯ ಎರಡು ಮನೆಗಳಿವೆ, ಎರಡಕ್ಕೂ ವರ್ಷಕ್ಕೆ 1,000 ರೂಪಾಯಿ ತೆರಿಗೆ ಎಂದಿಟ್ಟುಕೊಳ್ಳಿ. ಏಪ್ರಿಲ್ ತಿಂಗಳಲ್ಲೇ ಪೂರ್ತಿ ಕಟ್ಟಿದವನಿಗೆ ನೂರಕ್ಕೆ 5 ರಿಯಾಯಿತಿ. ಅವನು 950 ರೂಪಾಯಿಗೆ ಪಾರಾದ. ಜೂನ್ ಕಳೆದರೂ ಕಟ್ಟಲಾಗದವನಿಗೆ ತಿಂಗಳಿಗೆ ನೂರಕ್ಕೆ 2ರಂತೆ ದಂಡ. ಜುಲೈಯಿಂದ ಮಾರ್ಚಿಯವರೆಗೆ ಒಂಬತ್ತು ತಿಂಗಳಿಗೆ 180 ರೂಪಾಯಿ. ಅವನು ಕೊಡಬೇಕಾದದ್ದು 1,180. ಇನ್ನೂ ಒಂದು ವರ್ಷ ತಳ್ಳಿದನೋ, ಅದೇ ಸಾವಿರ 1,420 ಆಗುತ್ತದೆ. ಜೊತೆಗೆ ಹೊಸ ವರ್ಷದ ತೆರಿಗೆಯೂ ಅದರ ದಂಡವೂ ಬಂದು ಕೂರುತ್ತವೆ. ಸಂಬಳವೋ ಬಾಡಿಗೆಯೋ ಬರುವವನ ಕೈಯಲ್ಲಿ ಏಪ್ರಿಲಿನಲ್ಲೂ ಹಣವಿರುತ್ತದೆ. ಕೂಲಿಯವನ ಕೈಯಲ್ಲಿ ಇರುವುದಿಲ್ಲ. ಹೀಗಾಗಿ ಉಳ್ಳವನು ಕಡಿಮೆ ಕೊಡುತ್ತಾನೆ, ಇಲ್ಲದವನು ಹೆಚ್ಚು ಕೊಡುತ್ತಾನೆ. ವರ್ಷಕ್ಕೆ ನೂರಕ್ಕೆ 24! ಲೇವಾದೇವಿಗಾರ ಇಷ್ಟು ಬಡ್ಡಿ ಕೇಳಿದರೆ ಅವನನ್ನು ರಕ್ತಹೀರುವವನೆಂದು ಬೈಯುತ್ತೇವೆ. ನಗರಸಭೆ ಕೇಳಿದರೆ ನಿಯಮವೆಂದು ತಲೆಬಾಗಬೇಕೆ?

ಇನ್ನು ಬಾಕಿ ಬೆಳೆಯುವ ಬಗೆಯನ್ನು ನೋಡಿ. ಹಿಂದೆ ಬಿಲ್ ಕಲೆಕ್ಟರನು ಮನೆ ಬಾಗಿಲಿಗೆ ಬಂದು ಬಿಲ್ಲು ಕೊಟ್ಟು ರಸೀದಿ ಹರಿಯುತ್ತಿದ್ದ. ಈ ಶತಮಾನದ ಮೊದಲ ವರ್ಷಗಳಲ್ಲಿ ಸ್ವಯಂ ಘೋಷಣೆಯ ಪದ್ಧತಿ ಬಂತು. ನಿವೇಶನದ ಬೆಲೆ, ಕಟ್ಟಡದ ಅಳತೆ, ಕಟ್ಟಿದ ವರ್ಷ, ಸವಕಳಿ ಎಲ್ಲವನ್ನೂ ಮಾಲೀಕನೇ ಲೆಕ್ಕ ಹಾಕಿ ನಮೂನೆ ತುಂಬಬೇಕು. ಓದುಬರಹ ಬಲ್ಲವನಿಗೆ ಇದು ಸ್ವಾತಂತ್ರ್ಯ. ಹೆಬ್ಬೆಟ್ಟಿನ ವಿಧವೆಗೆ ಇದು ಗೋಡೆ. ಖಾತೆ ಇನ್ನೂ ತೀರಿಕೊಂಡ ತಂದೆಯ ಹೆಸರಿನಲ್ಲಿರುತ್ತದೆ, ಅಣ್ಣತಮ್ಮಂದಿರು ಭಾಗವಾಗಿರುತ್ತಾರೆ, ನೀನು ಕಟ್ಟು ತಾನು ಕಟ್ಟು ಎನ್ನುವುದರಲ್ಲಿ ನಾಲ್ಕು ವರ್ಷ ಕಳೆಯುತ್ತದೆ, ಕೊನೆಗೆ ಸತ್ತವನ ಹೆಸರಿಗೆ ನೋಟೀಸು ಬರುತ್ತದೆ. ಈ ನಮೂನೆಯ ಬಾಕಿಯನ್ನು ಕಳ್ಳತನವೆಂದು ಕರೆಯುವುದು ಅನ್ಯಾಯ.

ಇದಕ್ಕೆ ಸೇರಿ ಖಾತೆಯ ಗೋಳು ಬೇರೆ. ಕೃಷಿಭೂಮಿಯನ್ನು ತುಂಡು ಮಾಡಿ ರೆವಿನ್ಯೂ ನಿವೇಶನವೆಂದು ಮಾರಿದವರು ಲಾಭ ಎಣಿಸಿಕೊಂಡು ಹೋದರು. ಕೊಂಡ ಬಡವನು ಇಂದಿಗೂ ಅಲೆಯುತ್ತಿದ್ದಾನೆ. ಇಂಥ ಮನೆಗಳಿಗೆ ಬಿ-ಖಾತೆ ಕೊಡುವುದಾಗಿ 2025ರಲ್ಲಿ ಸರ್ಕಾರ ಹೇಳಿತು. ಮೊದಲ ಸಲ ಎರಡರಷ್ಟು ತೆರಿಗೆ ಕಟ್ಟಬೇಕೆಂದೂ ಹೇಳಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ. ಬಡಾವಣೆ ಮಾಡಿದವನ ತಪ್ಪಿಗೆ ಮನೆ ಕಟ್ಟಿದವನು ಎರಡರಷ್ಟು ತೆರಬೇಕು. ಬಾಕಿ ತೀರದೆ ಖಾತೆಯಿಲ್ಲ, ಖಾತೆಯಿಲ್ಲದೆ ನೋಂದಣಿಯಿಲ್ಲ, ಸಾಲವಿಲ್ಲ. ಮಗಳ ಮದುವೆಗೋ ಮಗನ ಕಾಲೇಜಿಗೋ ಮನೆಯ ಮೇಲೆ ಸಾಲ ತೆಗೆಯಬೇಕಾದವನಿಗೆ ಕೋರ್ಟಿಗಿಂತ ಮೊದಲೇ ಈ ಉರುಳು ಬಿಗಿಯುತ್ತದೆ.

ಹಾಗಾದರೆ ನೋಟೀಸಿಗೆ ಎಷ್ಟು ಹೆದರಬೇಕು? ನಮ್ಮ ಓದುಗರು ಇದನ್ನು ಸರಿಯಾಗಿ ತಿಳಿಯಬೇಕು. ತೆರಿಗೆ ವಸೂಲಿಗೆ ಕಾನೂನಿನಲ್ಲಿ ಮೆಟ್ಟಿಲುಗಳಿವೆ: ಮೊದಲು ಬಿಲ್ಲು, ಆಮೇಲೆ ತಗಾದೆ ನೋಟೀಸು, ಅದಕ್ಕೂ ಮಣಿಯದಿದ್ದರೆ ಚರಸ್ವತ್ತಿನ ಜಪ್ತಿಗೆ ವಾರಂಟು. ನೋಟೀಸು ಬಂದ ಮಾರನೆಯ ದಿನ ಯಾರೂ ಬಂದು ಬಾಗಿಲಿಗೆ ಬೀಗ ಜಡಿಯುವಂತಿಲ್ಲ.

ಕೆಲವು ಸಲ ನೋಟೀಸು ಲೋಕ ಅದಾಲತ್ತಿನ ಹೆಸರಿನಲ್ಲಿ ಬರುತ್ತದೆ. ಅದರ ಮೇಲೆ ತಾಲ್ಲೂಕು ಕಾನೂನು ಸೇವಾ ಸಮಿತಿಯ ಮೊಹರು ಇರುತ್ತದೆ. ಅದನ್ನು ಸಮನ್ಸೆಂದು ತಿಳಿದು ಊರು ಬಿಡಬೇಕಾಗಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯ ಪ್ರಕಾರ ಲೋಕ ಅದಾಲತ್ತೆಂದರೆ ರಾಜಿಯ ಕಟ್ಟೆ. ಇಬ್ಬರೂ ಒಪ್ಪಿದರೆ ಮಾತ್ರ ತೀರ್ಮಾನ. ಒಪ್ಪದಿದ್ದರೆ ಅಲ್ಲಿ ಬಲವಂತವಿಲ್ಲ. ದಂಡ ಬಿಡಿ, ಕಂತು ಕೊಡಿ ಎಂದು ಅಲ್ಲಿ ಕೇಳಬಹುದು, ಕೇಳಲೇಬೇಕು. ಒಂದು ಎಚ್ಚರಿಕೆ ಮಾತ್ರ ಇದೆ: ಒಪ್ಪಿ ರುಜು ಹಾಕಿದ ಮೇಲೆ ಅದು ಸಿವಿಲ್ ಕೋರ್ಟಿನ ಡಿಕ್ರಿಗೆ ಸಮ, ಅದರ ಮೇಲೆ ಅಪೀಲಿಲ್ಲ. ಓದಿಸಿ ಕೇಳದೆ, ಮೊತ್ತ ತಿಳಿಯದೆ, ಹೆಬ್ಬೆಟ್ಟು ಒತ್ತಬಾರದು.

ಡಿಕ್ರಿಯೇ ಆದರೂ ಬಡವನ ಮೈಮೇಲಿನ ಬಟ್ಟೆಗೆ ಕೈಹಾಕುವಂತಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೆಯ ಕಲಮು ಉಡುವ ಬಟ್ಟೆ, ಅಡಿಗೆಯ ಪಾತ್ರೆ, ಹಾಸಿಗೆ, ಕಸುಬುದಾರನ ಉಪಕರಣ, ರೈತನ ನೇಗಿಲು ಎತ್ತುಗಳನ್ನು ಜಪ್ತಿಯಿಂದ ಹೊರಗಿಟ್ಟಿದೆ. 56ನೆಯ ಕಲಮಿನಂತೆ ಹಣದ ಡಿಕ್ರಿಗಾಗಿ ಹೆಂಗಸನ್ನು ಬಂಧಿಸುವಂತಿಲ್ಲ. ತೀರಿಸುವ ಶಕ್ತಿಯೇ ಇಲ್ಲದ ಸಾಲಗಾರನನ್ನು ಜೈಲಿಗೆ ಹಾಕುವಂತಿಲ್ಲವೆಂದು 1980ರಲ್ಲಿ ಸುಪ್ರೀಂ ಕೋರ್ಟು ಜಾಲಿ ಜಾರ್ಜ್ ವರ್ಗೀಸರ ಮೊಕದ್ದಮೆಯಲ್ಲಿ ಸಾರಿತು. ಆ ತೀರ್ಪು ಬರೆದವರು ನ್ಯಾಯಮೂರ್ತಿ ಕೃಷ್ಣ ಅಯ್ಯರ್. ಹೆಂಗಸರು, ಪರಿಶಿಷ್ಟ ಜಾತಿ ಪಂಗಡದವರು, ಕಾರ್ಖಾನೆಯ ಕೆಲಸಗಾರರು, ಕಡಿಮೆ ವರಮಾನದವರು ತಾಲ್ಲೂಕು ಕೋರ್ಟಿನ ಆವರಣದ ಇದೇ ಕಾನೂನು ಸೇವಾ ಸಮಿತಿಯಿಂದ ಪುಕ್ಕಟೆ ವಕೀಲರನ್ನು ಪಡೆಯಬಹುದು. ಇದು ಯಾರ ದಾನವೂ ಅಲ್ಲ, ಹಕ್ಕು.

ಕೋರ್ಟಿನ ಭಯದಿಂದ ಅನ್ಯಾಯದ ತೆರಿಗೆಯನ್ನು ನಿಲ್ಲಿಸಿಕೊಳ್ಳಲಾಗದೆಂಬುದಕ್ಕೆ ಇತಿಹಾಸವೂ ಇದೆ. ಇಂಗ್ಲೆಂಡಿನಲ್ಲಿ 1990ರಲ್ಲಿ ಶ್ರೀಮತಿ ಥ್ಯಾಚರರ ಸರ್ಕಾರ ಮನೆಯ ಬೆಲೆಯನ್ನು ಬಿಟ್ಟು ತಲೆಗಿಷ್ಟು ಎಂದು ಸ್ಥಳೀಯ ತೆರಿಗೆ ಹಾಕಿತು. ಅರಮನೆಯ ಪ್ರಭುವಿಗೂ ಅವನ ತೋಟದ ಮಾಲಿಗೂ ಒಂದೇ ದರ. ಲಕ್ಷಾಂತರ ಜನ ಕಟ್ಟಲಿಲ್ಲ, ಸಮನ್ಸುಗಳ ರಾಶಿಯಲ್ಲಿ ಕೋರ್ಟುಗಳು ಹೂತುಹೋದವು. ಆ ವರ್ಷದ ನವೆಂಬರಿನಲ್ಲಿ ಥ್ಯಾಚರ್ ಅಧಿಕಾರ ಬಿಟ್ಟರು. 1993ರಲ್ಲಿ ಆ ತೆರಿಗೆಯೇ ಹೋಗಿ ಮನೆಯ ಬೆಲೆಯ ಮೇಲಿನ ತೆರಿಗೆ ಬಂತು. ನಮ್ಮ ನಾಡಿನಲ್ಲಿಯೇ 1980ರಲ್ಲಿ ನರಗುಂದ ನವಲಗುಂದದ ರೈತರು ಮಲಪ್ರಭೆಯ ನೀರಿನ ಹೆಸರಿನಲ್ಲಿ ಹೇರಿದ ಲೆವಿಯ ವಿರುದ್ಧ ಎದ್ದರು. ಮಾತು ಗೋಲಿಬಾರಿಗೆ ಹೋಯಿತು, ಪ್ರಾಣಗಳು ಹೋದವು. ಜನರೊಡನೆ ಮಾತಾಡಿ ಬಗೆಹರಿಸಬಹುದಾದ ಬಾಕಿಯನ್ನು ಬೆದರಿಸಿ ವಸೂಲು ಮಾಡಹೊರಟವರಿಗೆ ಇವು ಪಾಠಗಳು.

ಈಗ ನಮ್ಮ ಪುರಪಿತೃಗಳನ್ನೂ, ಚುನಾಯಿತ ಮಂಡಳಿ ಇಲ್ಲದ ಕಾಲದಲ್ಲಿ ಅವರ ಕುರ್ಚಿಯಲ್ಲಿ ಕೂರುವ ಆಡಳಿತಾಧಿಕಾರಿಗಳನ್ನೂ ಕೆಲವು ಪ್ರಶ್ನೆ ಕೇಳುತ್ತೇವೆ. ಬಾಕಿದಾರರ ಪಟ್ಟಿಯಲ್ಲಿ ಮೇಲಿನ ಇಪ್ಪತ್ತು ಹೆಸರು ಯಾರವು? ಕಲ್ಯಾಣಮಂಟಪಗಳೆ, ವಾಣಿಜ್ಯ ಸಂಕೀರ್ಣಗಳೆ, ಖಾಸಗಿ ಕಾಲೇಜುಗಳೆ, ಗುಡಿಸಲುಗಳೆ? ಆ ಪಟ್ಟಿಯನ್ನು ಕಛೇರಿಯ ಹಲಗೆಗೆ ಅಂಟಿಸಲು ಏನು ಅಡ್ಡಿ? ತೆರಿಗೆಯ ಜೊತೆಗೆ ನೂರಕ್ಕೆ 6 ಗ್ರಂಥಾಲಯ ಕರ, ನೂರಕ್ಕೆ 3 ಭಿಕ್ಷುಕರ ಕರ ವಸೂಲು ಮಾಡುತ್ತೀರಿ. ಆ ಹಣ ಸೇರಬೇಕಾದಲ್ಲಿಗೆ ಪೂರ್ತಿ ಸೇರಿದೆಯೆ? ಕೂಲಿಯವನು ಒಂದು ತಿಂಗಳು ತಡ ಮಾಡಿದರೆ ದಂಡವಿದೆ. ಜನರಿಂದ ಪಡೆದ ಕರವನ್ನು ನೀವು ತಡ ಮಾಡಿ ದಾಟಿಸಿದರೆ ಆ ದಂಡ ಯಾರ ಮೇಲೆ?

ನಾವು ಮುಂದಿಡುವ ಬೇಡಿಕೆಗಳು ಸರಳವಾದವು. ಒಂದು, ನೋಟೀಸಿಗೆ ಮುಂಚೆ ಪ್ರತಿ ವಾರ್ಡಿನಲ್ಲಿ ಶಿಬಿರ ನಡೆಯಲಿ. ಅಲ್ಲಿ ಲೆಕ್ಕವನ್ನು ಬಾಯಿಮಾತಿನಲ್ಲಿ, ಬೇಕಾದಲ್ಲಿ ತೆಲುಗಿನಲ್ಲೂ ಉರ್ದುವಿನಲ್ಲೂ ವಿವರಿಸಿ, ಸ್ಥಳದಲ್ಲೇ ನಮೂನೆ ತುಂಬಿಕೊಡಲಿ. ಎರಡು, ಸಣ್ಣ ಮನೆಗಳಿಗೆ ಕಂತಿನ ಅನುಕೂಲ ಸಿಗಲಿ. ಮೂರು, ಸಣ್ಣ ಮನೆಗಳ ಹಳೆಯ ದಂಡವನ್ನು ಮನ್ನಾ ಮಾಡಿ ಅಸಲನ್ನು ಮಾತ್ರ ಪಡೆಯಲಿ. ಇದಕ್ಕೆ ಸರ್ಕಾರದ ಅಪ್ಪಣೆ ಬೇಕೆಂದರೆ ನಾಲ್ಕು ನಗರಸಭೆಗಳೂ ಠರಾವು ಮಾಡಿ ಕಳಿಸಲಿ. ನಾಲ್ಕು, ಜಪ್ತಿ ಪಟ್ಟಿಯ ಮೇಲಿನಿಂದ ಆರಂಭವಾಗಲಿ, ಕೆಳಗಿನಿಂದಲ್ಲ. ಐದು, ವಾರ್ಡಿನಿಂದ ಬಂದ ಹಣವೆಷ್ಟು, ವಾರ್ಡಿಗೆ ಖರ್ಚಾದದ್ದೆಷ್ಟು ಎಂಬ ಲೆಕ್ಕ ವರ್ಷಕ್ಕೊಮ್ಮೆ ಜನರ ಮುಂದೆ ಬರಲಿ.

ಓದುಗ ಬಾಂಧವರಿಗೂ ಎರಡು ಮಾತು. ನೋಟೀಸನ್ನು ಬಚ್ಚಿಡಬೇಡಿ. ಹೆಸರು, ಖಾತೆಯ ಸಂಖ್ಯೆ, ಯಾವ ಯಾವ ವರ್ಷದ ಬಾಕಿ ಎಂಬುದನ್ನು ಓದಿಸಿ ನೋಡಿ; ಹಳೆಯ ರಸೀದಿಗಳೊಡನೆ ತಾಳೆ ಹಾಕಿ. ಕಟ್ಟಿದ ಹಣವನ್ನೇ ಮತ್ತೆ ಕೇಳಿದ್ದರೆ ಬರವಣಿಗೆಯಲ್ಲಿ ತಕರಾರು ಕೊಟ್ಟು ಸ್ವೀಕೃತಿ ಪಡೆಯಿರಿ. ಅಸಲೆಷ್ಟು, ದಂಡವೆಷ್ಟು, ಬೇರೆ ಬೇರೆಯಾಗಿ ಬರೆದುಕೊಡಿ ಎಂದು ಕೇಳಿ. ಆದಷ್ಟು ಕಟ್ಟಿ, ಉಳಿದದ್ದಕ್ಕೆ ಕಂತು ಕೇಳುವ ಅರ್ಜಿ ಕೊಡಿ. ರಸೀದಿಯಿಲ್ಲದೆ ಒಂದು ಕಾಸನ್ನೂ ಯಾರ ಕೈಗೂ ಇಡಬೇಡಿ. ಒಬ್ಬೊಬ್ಬರೇ ಹೋಗಿ ಕಿಟಕಿಯ ಮುಂದೆ ಕೈಮುಗಿದು ನಿಲ್ಲುವುದಕ್ಕಿಂತ, ಬೀದಿಯವರೆಲ್ಲ ಕೂಡಿ ಒಂದು ದಿನ ಹೋಗಿ.

1938ರ ಏಪ್ರಿಲ್ 25ರಂದು ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ಗುಂಡಿಗೆ ಎದೆಯೊಡ್ಡಿದವರ ಕಾಲದಲ್ಲಿ ಮೈಸೂರು ಸಂಸ್ಥಾನದ ಜನ ಕೇಳುತ್ತಿದ್ದುದು ಜವಾಬ್ದಾರಿ ಸರ್ಕಾರವನ್ನು. ತೆರುವವನಿಗೆ ಲೆಕ್ಕ ಒಪ್ಪಿಸುವ ಸರ್ಕಾರ ಎಂಬುದೇ ಆ ಮಾತಿನ ಅರ್ಥ. ಆ ಲೆಕ್ಕ ವಿಧಾನಸೌಧದಲ್ಲಿ ಶುರುವಾಗುವುದಕ್ಕೆ ಮುಂಚೆ ನಮ್ಮೂರ ನಗರಸಭೆಯ ಕಂದಾಯದ ಕಿಟಕಿಯಲ್ಲಿ ಶುರುವಾಗಬೇಕು. ನಮ್ಮ ಜನ ಬಾಕಿಯನ್ನು ತೀರಿಸುತ್ತಾರೆ. ನಗರಸಭೆಗಳು ತಮ್ಮ ಬಾಕಿಯನ್ನೂ ತೀರಿಸಲಿ ಎಂದು ಒತ್ತಾಯಿಸುತ್ತೇವೆ.